ಹನ್ನೆರಡು ಪಾಯಿಂಟ್ ಒಂದು

ಹದಿನೆಂಟನೇ ತಾರೀಖು ಗುರುವಾರ ಸಂಜೆ ಆರು ನಲವತ್ತಕ್ಕೆ ರಸ್ತೆ ಕಂಪನಿಯ ಸೈಟ್ ಎಂಜಿನಿಯರ್ ಠಾಣೆಯ ಮೆಟ್ಟಿಲು ಹತ್ತಿದ. ಕೈಯಲ್ಲಿ ಕಂಪನಿಯ ಲೆಟರ್‌ಹೆಡ್ ಮೇಲೆ ಟೈಪ್ ಮಾಡಿಸಿದ ದೂರು ಸಿದ್ಧವಾಗಿತ್ತು, ಕೆಳಗೆ ಸೀಲೂ ಬಿದ್ದಿತ್ತು. ರಕ್ತದ ಮಡುವಿನಲ್ಲಿ ಬಿದ್ದ ಮನುಷ್ಯನನ್ನು ಕಂಡ ಮೂವತ್ತೈದು ನಿಮಿಷದಲ್ಲಿ ಇಷ್ಟು ಚೆಂದದ ದೂರು ಬರೆಸಿಕೊಂಡು ಬಂದವರನ್ನು ಇನ್ಸ್‌ಪೆಕ್ಟರ್ ತನ್ನ ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ.

ದೂರಿನ ಸಾರಾಂಶ ಇಷ್ಟೇ. ಊರ ಹೊರಗೆ ಹಾಕುತ್ತಿರುವ ಹೊಸ ರಸ್ತೆಯ ಮಣ್ಣು ಪರೀಕ್ಷಕ, ವಯಸ್ಸು ನಲವತ್ತೊಂದು, ತನ್ನ ಶೆಡ್ಡಿನಲ್ಲಿ ತಲೆ ಒಡೆದು ಪ್ರಜ್ಞೆ ತಪ್ಪಿ ಬಿದ್ದಿದ್ದಾನೆ. ಸಂಜೆ ಆರು ಐದಕ್ಕೆ ನೋಡಿದ್ದು ದೂರುದಾರನೇ. ಗಾಯಾಳುವನ್ನು ಕಂಪನಿ ಜೀಪಿನಲ್ಲಿ ಸರಕಾರಿ ಆಸ್ಪತ್ರೆಗೆ ಸೇರಿಸಲಾಗಿದೆ. ಹೊಡೆದವರು ಯಾರೋ ಅಪರಿಚಿತರು.

“ಅಪರಿಚಿತರು ಅಂತ ನಿಮಗೆ ಹೇಗೆ ಗೊತ್ತಾಯ್ತು?” ಇನ್ಸ್‌ಪೆಕ್ಟರ್ ಕೇಳಿದ.

“ನಮ್ಮವರು ಯಾಕೆ ಹೊಡೀತಾರೆ?”

“ಅದನ್ನ ನಾನು ಕೇಳ್ತೀನಿ. ನೀವು ಕೂತ್ಕೊಳ್ಳಿ.”

ಏಳೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಏಳು ಮುಕ್ಕಾಲಿಗೆ ಇನ್ಸ್‌ಪೆಕ್ಟರ್, ದಫೇದಾರ, ಇಬ್ಬರು ಕಾನ್‌ಸ್ಟೇಬಲ್‌ಗಳು ಹದಿನಾಲ್ಕನೇ ಕಿಲೋಮೀಟರಿನ ಬಳಿಯ ಶೆಡ್ಡಿಗೆ ಬಂದರು. ತಗಡಿನ ಒಂಟಿ ಕೋಣೆ. ಕೆಲಸ ನಡೆಯುವ ಜಾಗದಿಂದ ಅರ್ಧ ಕಿಲೋಮೀಟರ್ ದೂರ. ಒಳಗೆ ಮೇಜು, ತಕ್ಕಡಿ, ಮಣ್ಣು ಒಣಗಿಸುವ ಒಲೆ, ಗೋಡೆ ಗಡಿಯಾರ. ನೆಲದ ಮೇಲೆ ರಕ್ತ. ತಕ್ಕಡಿಯ ಪಕ್ಕ ತೂಕದ ಬಟ್ಟುಗಳ ಮರದ ಪೆಟ್ಟಿಗೆ. ಅದರಲ್ಲಿ ಎರಡು ಕಿಲೋ ಬಟ್ಟು ಕೂರುವ ಗುಳಿ ಮಾತ್ರ ಖಾಲಿ. ಮೂಲೆಯಲ್ಲಿ ಊಟದ ಕ್ಯಾರಿಯರ್, ಮುಚ್ಚಳ ತೆಗೆದಿರಲಿಲ್ಲ. ಪಂಪ್ ನೋಡಿಕೊಳ್ಳುವವನನ್ನೂ ಮೆಸ್ಸಿನ ಅಡುಗೆಯವನನ್ನೂ ಪಂಚರಾಗಿ ನಿಲ್ಲಿಸಿಕೊಂಡು ದಫೇದಾರ ಒಂದೊಂದನ್ನೇ ಪಂಚನಾಮೆಗೆ ಬರೆದುಕೊಂಡ.

ಗಾಯಗೊಂಡವನಿಗೆ ಸೈಟಿನಲ್ಲಿ ಒಂದು ಅಡ್ಡಹೆಸರಿತ್ತು, ಪರ್ಸೆಂಟು. ಲಂಚದ ಪರ್ಸೆಂಟು ಅಲ್ಲ ಸಾರ್ ಎಂದು ಅಡುಗೆಯವನು ಕೇಳದೆಯೇ ಸ್ಪಷ್ಟಪಡಿಸಿದ. ರಸ್ತೆಗೆ ಏರಿ ಹಾಕುವಾಗ ಮಣ್ಣನ್ನು ಪದರ ಪದರವಾಗಿ ಹರಡಿ ರೋಲರ್ ಓಡಿಸುತ್ತಾರೆ. ಪ್ರತಿ ಪದರದ ಮಣ್ಣಿಗೂ ಒಂದು ಹದ ಇರಬೇಕು. ಒಣಗಿದ್ದರೆ ಕಚ್ಚಿಕೊಳ್ಳುವುದಿಲ್ಲ, ಹಸಿ ಹೆಚ್ಚಾದರೆ ಭಾರ ಬಿದ್ದಾಗ ಜರಿಯುತ್ತದೆ. ಈ ಮಣ್ಣಿಗೆ ನೂರಕ್ಕೆ ಹನ್ನೊಂದರಿಂದ ಹದಿಮೂರರಷ್ಟು ನೀರು ಹದ. ಪರೀಕ್ಷಕ ಪದರದೊಳಕ್ಕೆ ಉಕ್ಕಿನ ಉಂಗುರ ಇಳಿಸಿ ಮಣ್ಣು ತೆಗೆದು, ತೂಗಿ, ಒಣಗಿಸಿ, ಮತ್ತೆ ತೂಗಿ, ನೀರು ಎಷ್ಟು ಪರ್ಸೆಂಟು ಅಂತ ರಿಜಿಸ್ಟರಿನಲ್ಲಿ ಬರೆಯಬೇಕು. ಅವನು ಬರೆದ ಮೇಲೆಯೇ ಮುಂದಿನ ಪದರ.

ರಿಜಿಸ್ಟರ್ ಮೇಜಿನ ಮೇಲೆ ತೆರೆದೇ ಇತ್ತು. ಆ ದಿನ ಮಧ್ಯಾಹ್ನ ಎರಡೂವರೆಯಿಂದ ಆರು ರೀಡಿಂಗು. ಕೊನೆಯದು ಸಂಜೆ ಐದೂವರೆ, ತೇವಾಂಶ ಹನ್ನೆರಡು ಪಾಯಿಂಟ್ ಮೂರು.

“ಹಾಗಾದ್ರೆ ಐದೂವರೆಗೆ ಗಟ್ಟಿಮುಟ್ಟಾಗಿದ್ದ. ಆರು ಐದಕ್ಕೆ ಬಿದ್ದಿದ್ದ,” ಎಂದ ದಫೇದಾರ. ಆಮೇಲೆ ದನಿ ಇಳಿಸಿ, ಆ ಮೂವತ್ತೈದು ನಿಮಿಷ ಎಂಜಿನಿಯರ್ ಎಲ್ಲಿದ್ದ ಅಂತ ಯಾರಿಗೂ ಗೊತ್ತಿಲ್ಲ ಎಂಬುದನ್ನೂ, ಬೆಳಿಗ್ಗೆ ಅವನು ಪರೀಕ್ಷಕನ ಮೇಲೆ ಫೋನಿನಲ್ಲಿ ಕೂಗಾಡಿದ್ದನ್ನು ನಾಲ್ಕು ಜನ ಕೇಳಿದ್ದಾರೆ ಎಂಬುದನ್ನೂ ಹೇಳಿದ. ಕುಂಬಳಕಾಯಿ ಕಳ್ಳ ಅನ್ನುವ ಮೊದಲೇ ಹೆಗಲು ಒರೆಸಿಕೊಂಡು ಠಾಣೆಗೆ ಬಂದವನು ಅಂತ ಅವನ ತೀರ್ಮಾನ.

ಎಂಜಿನಿಯರನನ್ನು ಅಲ್ಲೇ ವಿಚಾರಿಸಲಾಯಿತು. ಐದೂವರೆಯಿಂದ ಆರರವರೆಗೆ ಎಲ್ಲಿದ್ದೆ? ಜೀಪಿನಲ್ಲಿ. ಜೊತೆಗೆ ಯಾರು? ಯಾರೂ ಇಲ್ಲ. ಬೆಳಿಗ್ಗೆ ಜಗಳ ಯಾಕೆ? ಕೆಲಸದ ವಿಷಯ. ಏನು ಕೆಲಸದ ವಿಷಯ? ಅದು ಕಂಪನಿಯ ಗುಟ್ಟು, ಲಾಯರ್ ಬರದೆ ಹೇಳುವುದಿಲ್ಲ. ರಾತ್ರಿ ಠಾಣೆಯ ಬೆಂಚಿನ ಮೇಲೆ ಕೂರಿಸಿದಾಗ, ನಿಮ್ಮ ಮೇಲಿನವರು ನಮಗೆ ಗೊತ್ತು ಅಂದ. ಹಾಗಾದರೆ ಅವರು ಬಂದು ಪಕ್ಕದಲ್ಲಿ ಕೂರಲಿ, ಬೆಂಚು ಉದ್ದವಾಗಿದೆ ಅಂದ ದಫೇದಾರ.

ಎಡವಟ್ಟಾದದ್ದು ಆಸ್ಪತ್ರೆಯ ಕಾಗದದಿಂದ. ಶುಕ್ರವಾರ ಬೆಳಿಗ್ಗೆ ಆರಕ್ಕೆ ಬಂದ ಗಾಯದ ಪ್ರಮಾಣಪತ್ರದಲ್ಲಿ, ದಾಖಲಾದ ಹೊತ್ತಿಗೆ ರಕ್ತ ಒಣಗಿ ಗಟ್ಟಿಯಾಗಿತ್ತು, ಪೆಟ್ಟು ಬಿದ್ದು ಕನಿಷ್ಠ ನಾಲ್ಕು ಗಂಟೆ ಆಗಿರಬೇಕು ಎಂದು ವೈದ್ಯೆ ಬರೆದಿದ್ದಳು. ಇನ್ಸ್‌ಪೆಕ್ಟರ್ ಫೋನ್ ಮಾಡಿ, ಒಂದು ಗಂಟೆಯನ್ನು ನಾಲ್ಕು ಅಂತ ಬರೆದಿರಬಹುದೇ ಎಂದು ಕೇಳಿದ. ನಿಮ್ಮ ಕೇಸಿಗೆ ಬೇಕಾದ ಹಾಗೆ ರಕ್ತ ಒಣಗುವುದಿಲ್ಲ ಎಂದು ಆಕೆ ಫೋನ್ ಇಟ್ಟಳು.

ಏಳು ಗಂಟೆಗೆ ಅವನು ಒಬ್ಬನೇ ಮತ್ತೆ ಶೆಡ್ಡಿಗೆ ಹೋದ. ತಗಡಿನ ಸಂದಿಯಿಂದ ಬಿಸಿಲು ಒಳಗೆ ಬರುತ್ತಿತ್ತು. ರಾತ್ರಿ ಬ್ಯಾಟರಿ ಬೆಳಕಿಗೆ ಕಾಣದ್ದು ಈಗ ಕಂಡಿತು. ದಿನಕ್ಕೆ ಹತ್ತು ಸಲ ಮಣ್ಣಿಗಿಳಿಯಬೇಕಾದ ಉಕ್ಕಿನ ಉಂಗುರದೊಳಗೆ ಜೇಡ ಬಲೆ ಕಟ್ಟಿತ್ತು. ಮಣ್ಣು ತುಂಬುವ ಡಬ್ಬಿಗಳ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ದೂಳು. ಒಲೆಯ ವೈರು ಸುತ್ತಿ ಮೊಳೆಗೆ ನೇತುಹಾಕಿತ್ತು. ಅವನು ಸ್ಟೂಲಿನ ಮೇಲೆ ಕೂತು ರಿಜಿಸ್ಟರಿನ ಹಾಳೆಗಳನ್ನು ಹಿಂದಕ್ಕೆ ತಿರುವಿದ. ತಿಂಗಳುಗಟ್ಟಲೆ ರೀಡಿಂಗು, ಎಲ್ಲವೂ ಹನ್ನೊಂದರಿಂದ ಹದಿಮೂರರೊಳಗೆ. ಬಿಸಿಲಿಗೂ ಹನ್ನೆರಡು, ಮಳೆಗೂ ಹನ್ನೆರಡು.

ರೋಲರ್ ಓಡಿಸುತ್ತಿದ್ದವನನ್ನು ತಡೆದು, ನಿನ್ನೆ ಪರೀಕ್ಷಕ ಎಷ್ಟು ಹೊತ್ತಿಗೆ ಬಂದಿದ್ದ ಎಂದು ಕೇಳಿದ.

“ಬರೋದಾ? ಅವರು ಯಾವತ್ತು ಬಂದಿದ್ರು ಸಾರ್?” ರೋಲರಿನವನು ಅಂದ. ಆಮೇಲೆ ಯಾರಿಗೆ ಹೇಳುತ್ತಿದ್ದೇನೆ ಅಂತ ನೆನಪಾಗಿ ಮುಖ ತಿರುಗಿಸಿ ಎಂಜಿನ್ ಚಾಲೂ ಮಾಡಿದ.

ಎಂಜಿನಿಯರನನ್ನು ಬೆಂಚಿನಿಂದ ಎಬ್ಬಿಸಿ ಉಂಗುರವನ್ನು ಅವನ ಮುಂದಿಟ್ಟಾಗ ಲಾಯರಿನ ಮಾತು ಬರಲಿಲ್ಲ. ದಿನದ ರೀಡಿಂಗನ್ನೆಲ್ಲ ಊಟಕ್ಕೆ ಮುಂಚೆಯೇ ಕೂತು ಬರೆದು ಮುಗಿಸುವುದು ಪರೀಕ್ಷಕನ ಅಭ್ಯಾಸ. ಎಲ್ಲಾ ಕಡೆ ನಡೆಯುವುದು ಹೀಗೇ. ಇಪ್ಪತ್ತನೇ ತಾರೀಖು ಹೊರಗಿನಿಂದ ತಪಾಸಣೆಯವರು ಬರುವವರಿದ್ದರು, ಉಂಗುರಕ್ಕಾದರೂ ಸ್ವಲ್ಪ ಮಣ್ಣು ಮೆತ್ತಿಡು ಅಂತ ಬೆಳಿಗ್ಗೆ ಬೈದದ್ದು ಅಷ್ಟೇ. ಇದಿಷ್ಟನ್ನೂ ಅವನು ನೆಲ ನೋಡುತ್ತಾ ಹೇಳಿದ.

ಅಲ್ಲಿಗೆ ಐದೂವರೆಯ ಲೆಕ್ಕ ಬಿದ್ದುಹೋಯಿತು. ಪರೀಕ್ಷಕ ಮೆಸ್ಸಿನಿಂದ ಕ್ಯಾರಿಯರ್ ತೆಗೆದುಕೊಂಡು ಹೋದದ್ದು ಹನ್ನೆರಡೂವರೆಗೆ. ಅದನ್ನು ಅವನು ತೆರೆಯಲೇ ಇಲ್ಲ. ಅಂದರೆ ಏಟು ಬಿದ್ದದ್ದು ಊಟದ ಬಿಡುವಿನಲ್ಲಿ. ಆ ಹೊತ್ತಿಗೆ ಸೈಟಿನ ಗಾಡಿಗಳೆಲ್ಲ ಯಾರ್ಡಿನಲ್ಲಿ ನಿಂತಿರುತ್ತವೆ. ಕಾವಲುಗಾರನ ಗೇಟು ಪುಸ್ತಕದಲ್ಲಿ ಮೂರನೇ ನಂಬರಿನ ನೀರಿನ ಟ್ಯಾಂಕರ್ ಒಂದೇ ಹನ್ನೆರಡು ಐವತ್ತಕ್ಕೆ ಹೊರಬಿದ್ದಿತ್ತು. ಅದು ಪಂಪಿನ ಹತ್ತಿರ ನೀರು ತುಂಬಿಸಿಕೊಂಡ ಚೀಟಿಯಲ್ಲಿ ಒಂದು ಐವತ್ತು ಅಂತಿತ್ತು. ಗೇಟಿನಿಂದ ಪಂಪಿಗೆ ಹತ್ತು ನಿಮಿಷದ ದಾರಿ.

ಟ್ಯಾಂಕರ್ ಓಡಿಸುವವನನ್ನು ಎಲ್ಲರೂ ನೀರಣ್ಣ ಅನ್ನುತ್ತಿದ್ದರು. ನಲವತ್ತೈದರ ಒಣಕಲು ಮನುಷ್ಯ. ಒಣ ಮಣ್ಣಿಗೆ ನೀರು ಚಿಮುಕಿಸಿ ಹದಕ್ಕೆ ತರುವುದು ಅವನ ಕೆಲಸ. ಹನ್ನೊಂದೂವರೆಗೆ ಅವನನ್ನು ಶೆಡ್ಡಿಗೆ ಕರೆಸಿದರು. ಅವನು ಕೈ ಕಟ್ಟಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ.

“ನಿನ್ನೆ ಒಂದು ಗಂಟೆಗೆ ಎಲ್ಲಿದ್ದೆ?”

“ಗಾಡೀಲಿ.”

“ಗಾಡಿ ಎಲ್ಲಿತ್ತು?”

“ರಸ್ತೇಲಿ.”

“ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಯಾಕೆ ಬೇಕಾಯ್ತು?”

“ನಿದ್ದೆ ಬಂತು, ಮಲಗಿದ್ದೆ.” ಅವನು ಇನ್ಸ್‌ಪೆಕ್ಟರನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನೇ ನೋಡುತ್ತಿದ್ದ. “ಬರ್ಕೊಳ್ಳಿ. ಬರೆಯೋದು ನಿಮಗೆ ಚೆನ್ನಾಗಿ ಬರುತ್ತೆ.”

ಆ ಮಾತಿನ ಅರ್ಥ ಇನ್ಸ್‌ಪೆಕ್ಟರಿಗೆ ಆಗಲಿಲ್ಲ. ಆದದ್ದು ದಫೇದಾರನಿಗೆ. ಹೊರಗೆ ಬಂದು, ಎಂಟು ತಿಂಗಳ ಹಿಂದೆ ರೋಲರ್ ಪಲ್ಟಿಯಾಗಿ ಇಬ್ಬರು ಸತ್ತಿದ್ದರಲ್ಲ ಸಾರ್, ಆ ರೋಲರ್ ಡ್ರೈವರ್ ಇವನ ತಮ್ಮ ಅಂದ.

ಇನ್ಸ್‌ಪೆಕ್ಟರ್ ಠಾಣೆಗೆ ವಾಪಸು ಬಂದು ಹಳೇ ಫೈಲು ತೆಗೆಸಿದ. ಏರಿಯ ಅಂಚಿನಲ್ಲಿ ರೋಲರ್ ಹೋಗುವಾಗ ಮಣ್ಣು ಜರಿದಿತ್ತು. ರೋಲರ್ ಉರುಳಿ ಡ್ರೈವರ್ ಸತ್ತ. ಕೆಳಗೆ ಅಳತೆಯ ಟೇಪು ಹಿಡಿದು ನಿಂತಿದ್ದ ಕೂಲಿಯೂ ಅದರಡಿಗೆ ಸಿಕ್ಕಿ ಸತ್ತ. ಕೊನೆಯ ವರದಿಯ ಕೊನೆಯ ಪ್ಯಾರಾ ಹೀಗಿತ್ತು: ಪರೀಕ್ಷಾ ರಿಜಿಸ್ಟರಿನ ಪ್ರಕಾರ ಸದರಿ ಜಾಗದ ಮಣ್ಣಿನ ತೇವಾಂಶ ಹನ್ನೆರಡು ಪಾಯಿಂಟ್ ಒಂದು ಇದ್ದು, ಏರಿ ಸುಭದ್ರವಾಗಿತ್ತು; ಆದ್ದರಿಂದ ಮೃತ ಚಾಲಕನು ಅಜಾಗರೂಕತೆಯಿಂದ ಅಂಚಿಗೆ ಚಲಾಯಿಸಿದ್ದೇ ಅಪಘಾತಕ್ಕೆ ಕಾರಣ. ಕೆಳಗೆ ಇನ್ಸ್‌ಪೆಕ್ಟರನದೇ ಸಹಿ.

ಅವನಿಗೆ ಆ ದಿನ ನೆನಪಾಯಿತು. ಅದಕ್ಕೆ ಮುಂಚೆ ಮೂರು ದಿನ ಬಿಡದೆ ಮಳೆ ಸುರಿದಿತ್ತು. ಪಂಚನಾಮೆಗೆ ನಿಂತಾಗ ಅವನ ಬೂಟು ಹಿಮ್ಮಡಿ ಮುಳುಗುವವರೆಗೆ ಇಳಿದು, ಎಡಗಾಲಿನದನ್ನು ಕಾನ್‌ಸ್ಟೇಬಲ್ ಕೈ ಹಾಕಿ ಕಿತ್ತುಕೊಟ್ಟಿದ್ದ. ಮನೆಗೆ ಹೋದಾಗ ಹೆಂಡತಿ ಬೂಟನ್ನು ಹೊರಗೇ ಬಿಡಿಸಿದ್ದಳು. ಅಂಥ ಮಣ್ಣಿನ ಮೇಲೆ ನಿಂತು ಅವನು ಹನ್ನೆರಡು ಪಾಯಿಂಟ್ ಒಂದು ಅಂತ ನಕಲು ಮಾಡಿಕೊಂಡಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ರಿಜಿಸ್ಟರಿಗೆ ಸೀಲು ಇತ್ತು, ಬೂಟಿಗೆ ಇರಲಿಲ್ಲ.

ಅವನು ಫೈಲು ಮುಚ್ಚಿದ. ಆಮೇಲೆ ಎದ್ದು, ಟ್ಯಾಂಕರ್ ಎಲ್ಲಿದೆಯೋ ಅಲ್ಲೇ ನಿಲ್ಲಿಸಿ ಅಂತ ಫೋನ್ ಮಾಡಿದ.

ಮಧ್ಯಾಹ್ನ ಮೂರೂವರೆಗೆ ಅದೇ ಪಂಚರ ಎದುರು ಟ್ಯಾಂಕರಿನ ಸೀಟು, ಕ್ಯಾಬಿನ್ನು, ಟೂಲ್ ಪೆಟ್ಟಿಗೆ ಎಲ್ಲ ಜಾಲಾಡಿದರು. ಏನೂ ಸಿಗಲಿಲ್ಲ. ನೀರು ಬಿಡಿಸು ಅಂದ ಇನ್ಸ್‌ಪೆಕ್ಟರ್. ನೀರು ಖಾಲಿಯಾಗಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನೀರಣ್ಣ ಮಡ್‌ಗಾರ್ಡಿಗೆ ಒರಗಿ, ದಾರಿ ಮೇಲೆ ಹರಿದು ಹೋಗುವ ನೀರನ್ನು ನೋಡುತ್ತಾ ನಿಂತಿದ್ದ. ಮೇಲಿನ ಮುಚ್ಚಳದಿಂದ ಕಾನ್‌ಸ್ಟೇಬಲ್ ಒಬ್ಬ ಒಳಗಿಳಿದ. ಕಬ್ಬಿಣ ತಳಕ್ಕೆ ತಾಗಿದ ಸದ್ದಾಯಿತು. ಮೇಲೆ ಬಂದದ್ದು ಎರಡು ಕಿಲೋ ತೂಕದ ಬಟ್ಟು. ಶೆಡ್ಡಿನ ಪೆಟ್ಟಿಗೆಯ ಗುಳಿಯಲ್ಲಿ ಅದು ಅಲುಗಾಡದೆ ಕೂತಿತು. ನಾಲ್ಕು ನಲವತ್ತಕ್ಕೆ ದಸ್ತಗಿರಿ.

ಠಾಣೆಯಲ್ಲಿ ಅವನು ಹೇಳಿಕೆ ಕೊಡಲು ಸತಾಯಿಸಲಿಲ್ಲ. ಮಳೆ ಬಿದ್ದ ಆ ದಿನ ತಾನು ಟ್ಯಾಂಕರ್ ತೆಗೆದಿರಲೇ ಇಲ್ಲ, ಆಗಲೇ ಸೋರುತ್ತಿದ್ದ ಮಣ್ಣಿಗೆ ಇನ್ನೆಲ್ಲಿಯ ನೀರು ಎಂದ. ಅಂಚು ಕುಲುಕುತ್ತಿದೆ ಅಂತ ತಮ್ಮ ಬೆಳಿಗ್ಗೆಯೇ ಹೇಳಿದ್ದ; ರೀಡಿಂಗ್ ಪಾಸಾಗಿದೆ, ಓಡಿಸು ಅಂದಿದ್ದರು. ಸತ್ತ ಮೇಲೆ ತಪ್ಪೆಲ್ಲ ತಮ್ಮನ ತಲೆಗೆ ಬಂತು. ಆ ಕೂಲಿಯ ಹೆಂಡತಿ ಇರುವುದು ಇವರ ಎದುರು ಮನೆಯಲ್ಲೇ. ನನ್ನ ಗಂಡನನ್ನು ತುಳಿದು ಕೊಂದವನ ಮನೆ ಅಂತ ಆಕೆ ದಿನಾ ಬೆಳಿಗ್ಗೆ ಬಾಗಿಲಿಗೆ ನಿಂತು ಶಾಪ ಹಾಕುತ್ತಾಳೆ, ಅಮ್ಮ ಹೊರಗೆ ಕಾಲಿಡುವುದನ್ನೇ ಬಿಟ್ಟಿದ್ದಾಳೆ. ಆ ದಿನದ ರೀಡಿಂಗ್ ಸುಳ್ಳು ಅಂತ ಒಂದು ಸಾಲು ಬರೆದುಕೊಡು ಅಂತ ಪರೀಕ್ಷಕನ ಹತ್ತಿರ ಎಂಟು ತಿಂಗಳಲ್ಲಿ ಎಷ್ಟೋ ಸಲ ಹೋಗಿದ್ದ. ಗುರುವಾರವೂ ಹೋದದ್ದು ಅದಕ್ಕೇ.

“ನಿಂತಿದ್ದೆ. ಅವನು ತಲೆ ಎತ್ತಲಿಲ್ಲ, ಬರೀತಾನೇ ಇದ್ದ. ನಿನ್ನ ತಮ್ಮ ಹೋದ, ಮಣ್ಣಿಗೇನು ಬಾಯಿ ಇದೆಯಾ ಸಾಕ್ಷಿ ಹೇಳೋಕೆ ಅಂದ. ನಾನು ಪುಸ್ತಕ ನೋಡಿದೆ. ಐದೂವರೆ ಅಂತ ಬರೆದ. ಗೋಡೆ ಮೇಲೆ ಗಡಿಯಾರ ಒಂದು ಇಪ್ಪತ್ತು ತೋರಿಸ್ತಿತ್ತು. ನನ್ನ ತಮ್ಮ ಸತ್ತ ದಿನದ್ದನ್ನೂ ಹೀಗೇ ಕೂತು ಬರೆದಿದ್ದಾನೆ ಅಂತ ಆಗ ಗೊತ್ತಾಯ್ತು. ಕೈಗೆ ಸಿಕ್ಕಿದ್ದನ್ನ ಎತ್ತಿದೆ.”

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷಕನಿಗೆ ಪ್ರಜ್ಞೆ ಬಂತು. ಇನ್ಸ್‌ಪೆಕ್ಟರ್ ಹಾಸಿಗೆಯ ಪಕ್ಕ ಕೂತು, ಹೊಡೆದವರು ಯಾರು ಎಂದು ಕೇಳಿದ. ಬ್ಯಾಂಡೇಜಿನ ಕೆಳಗಿನ ಕಣ್ಣು ಮೊದಲು ಬಾಗಿಲ ಬಳಿ ನಿಂತಿದ್ದ ಎಂಜಿನಿಯರನ ಕಡೆ ಹೋಗಿ ಬಂತು.

“ಯಾರೂ ಹೊಡೆದಿಲ್ಲ. ಜಾರಿ ಬಿದ್ದೆ.”

“ಜಾರಿದವನ ತಲೆಗೆ ಎರಡು ಕಿಲೋ ಬಟ್ಟು ಹಾರಿ ಬಂತಾ?”

“ನನಗೆ ನೆನಪಿಲ್ಲ.”

ಹೊರಗೆ ಮೊಗಸಾಲೆಯಲ್ಲಿ ಎಂಜಿನಿಯರ್ ಹೊಸ ಕಾಗದ ಚಾಚಿದ. ಇದೂ ಟೈಪಾಗಿತ್ತು, ಇದಕ್ಕೂ ಸೀಲು ಬಿದ್ದಿತ್ತು. ಆತುರದಲ್ಲಿ ತಪ್ಪು ತಿಳಿದು ದೂರು ಕೊಟ್ಟೆವು, ಆದದ್ದು ಅಪಘಾತ, ಕೇಸು ಮುಂದುವರಿಸುವುದು ಬೇಡ. ಹನ್ನೊಂದಕ್ಕೆ ಮೇಲಧಿಕಾರಿಯ ಫೋನೂ ಬಂತು. ಗಾಯಾಳುವೇ ಬೇಡ ಅನ್ನುವಾಗ ನಿನ್ನದೇನು ಎಂದು ಕೇಳಿದ್ದಲ್ಲದೆ, ಹಳೇ ಫೈಲು ತೆಗೆಸಿದೆಯಂತೆ, ಅದರಲ್ಲಿ ಯಾರ ಸಹಿ ಇದೆ ಅಂತ ನೋಡಿದೆಯಾ ಎಂದೂ ಕೇಳಿದ. ನೋಡಿದೆ ಸರ್ ಎಂದು ಇನ್ಸ್‌ಪೆಕ್ಟರ್ ಫೋನ್ ಇಟ್ಟ.

ಎಲ್ಲರಿಗೂ ಅನುಕೂಲವಾದ ದಾರಿ ಅದು. ಕಂಪನಿ ಉಳಿಯುತ್ತದೆ, ಪರೀಕ್ಷಕನ ನೌಕರಿ ಉಳಿಯುತ್ತದೆ, ಬಡಪಾಯಿ ಒಬ್ಬ ಜೈಲಿಗೆ ಹೋಗುವುದು ತಪ್ಪುತ್ತದೆ. ತನ್ನ ಸಹಿಯೂ ಕಪಾಟಿನೊಳಗೆ ಮಲಗಿರುತ್ತದೆ. ಇದರಲ್ಲಿ ಪುಣ್ಯವೂ ಇದೆ ಅಂತ ಅವನಿಗೆ ಒಂದು ಗಳಿಗೆ ನಿಜವಾಗಿಯೂ ಅನ್ನಿಸಿತು. ಆ ಕಾಗದ ಹಿಡಿದುಕೊಂಡೇ ಲಾಕಪ್ಪಿನ ಮುಂದೆ ಹೋಗಿ ನಿಂತ.

“ಅವನು ಜಾರಿ ಬಿದ್ದೆ ಅಂತಿದ್ದಾನೆ. ನಿನ್ನ ಹೇಳಿಕೆ ಹಿಂದಕ್ಕೆ ತಗೊಂಡ್ರೆ ಸಂಜೆ ಮನೆಗೆ ಹೋಗಬಹುದು. ನಿನ್ನ ತಾಯಿ ಮುಖ ನೋಡಿ ಯೋಚನೆ ಮಾಡು.”

ನೀರಣ್ಣ ಎದ್ದು ಕಂಬಿಯ ಹತ್ತಿರ ಬಂದ. ಮೊದಲ ಸಲ ಅವನ ಮುಖದಲ್ಲಿ ನಗೆಯಂಥದ್ದು ಕಂಡಿತು, ಅದು ನೋಡಲು ಚೆನ್ನಾಗಿರಲಿಲ್ಲ.

“ನಾನು ಹೊಡೆದೆ ಅಂತಲೇ ಬರೀರಿ. ಆಗ ಯಾಕೆ ಹೊಡೆದೆ ಅಂತನೂ ಬರೀಬೇಕಾಗುತ್ತೆ. ಕೋರ್ಟಲ್ಲಿ ಅದನ್ನ ಓದ್ತಾರೆ. ಇಲ್ಲ ಅಂದ್ರೆ ಆ ಪುಸ್ತಕ ಯಾರೂ ತೆಗೆಯಲ್ಲ.”

“ಏಳೆಂಟು ವರ್ಷ ಒಳಗಿರ್ತೀಯ.”

“ನನ್ನ ತಮ್ಮ ಅದಕ್ಕಿಂತ ಜಾಸ್ತಿ ಒಳಗಿರ್ತಾನೆ.” ಆಮೇಲೆ ತಣ್ಣಗೆ ಸೇರಿಸಿದ: “ನಿಮಗೆ ಭಯ ಆಗ್ತಿದ್ರೆ ಬೇರೆಯವರ ಕೈಲಿ ಬರೆಸಿ.”

ಇನ್ಸ್‌ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು. ಒದ್ದುಬಿಡೋಣ ಅನ್ನಿಸುವಷ್ಟು. ಮೇಜಿಗೆ ವಾಪಸು ಬಂದು ದಫೇದಾರನ ಮೇಲೆ ರೇಗಿದ, ಚಹಾ ತಂದವನ ಮೇಲೆ ರೇಗಿದ. ಹಳೇ ಫೈಲನ್ನು ಒಮ್ಮೆ ಕಪಾಟಿಗೆ ಇಟ್ಟು, ಮತ್ತೆ ತೆಗೆದ. ಒಂದು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತ. ದೂರು ವಾಪಸಾತಿಯ ಕಾಗದ ಸ್ವೀಕರಿಸಲು ಬರುವುದಿಲ್ಲ ಎಂದು ಮೊದಲು ಹಿಂಬರಹ ಹಾಕಿದ. ರಿಜಿಸ್ಟರ್, ಉಂಗುರ, ಡಬ್ಬಿಗಳ ಜಪ್ತಿಗೆ ಪ್ರತ್ಯೇಕ ಪಂಚನಾಮೆ ಬರೆಯಲು ದಫೇದಾರನನ್ನು ಕಳಿಸಿದ. ಆಮೇಲೆ ಎಂಟು ತಿಂಗಳ ಹಿಂದಿನ ಪ್ರಕರಣವನ್ನು ಮರುತನಿಖೆಗೆ ತೆಗೆದುಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ. ಅದರಲ್ಲಿ, ಹಿಂದಿನ ತನಿಖಾಧಿಕಾರಿಯು ಸ್ಥಳದ ಮಣ್ಣು ಕಣ್ಣಿಗೆ ಕಾಣುವಷ್ಟು ಹಸಿಯಿದ್ದರೂ ಪರಿಶೀಲಿಸದೆ ರಿಜಿಸ್ಟರಿನ ಅಂಕಿಯನ್ನು ನಂಬಿರುತ್ತಾನೆ ಎಂದು ಬರೆದ. ಬರೆದದ್ದನ್ನು ಓದುವಾಗ ಹಿಂದಿನ ತನಿಖಾಧಿಕಾರಿ ಎಂಬಲ್ಲಿ ಪೆನ್ನು ನಿಲ್ಲಿಸಿ, ಅದನ್ನು ಹೊಡೆದುಹಾಕಿ, ನಾನು ಎಂದು ಬರೆದ.

ಸಂಜೆ ನಾಲ್ಕಕ್ಕೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ನ್ಯಾಯಾಂಗ ಬಂಧನಕ್ಕೆ ಒಪ್ಪಿಸಲಾಯಿತು.

ದಸ್ತಗಿರಿಯ ಮಾಹಿತಿಯನ್ನು ಮನೆಯವರಿಗೆ ಖುದ್ದಾಗಿ ತಿಳಿಸಬೇಕು. ಅದಕ್ಕೆ ಕಾನ್‌ಸ್ಟೇಬಲ್ ಸಾಕಿತ್ತು, ಆದರೆ ಐದೂವರೆಗೆ ಇನ್ಸ್‌ಪೆಕ್ಟರ್ ತಾನೇ ಹೋದ. ಎರಡು ಜನ ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದ ಓಣಿ. ಎದುರೆದುರು ಬಾಗಿಲು. ತಾಯಿ ಬಾಗಿಲು ಅರ್ಧ ತೆರೆದು, ಒಳಗೆ ಬನ್ನಿ ಅನ್ನದೆ, ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಹಿರಿಯವನ ವಿಷಯ ಹೇಳಿದ. ಆಮೇಲೆ ಕಿರಿಯವನ ವಿಷಯ. ಅವನದೇನೂ ತಪ್ಪಿರಲಿಲ್ಲ, ಹಾಗಂತ ಕೋರ್ಟಿಗೆ ಬರೆದುಕೊಟ್ಟಿದ್ದೇನೆ ಅಂದ.

“ಒಬ್ಬ ಮಗನ ತಪ್ಪಿಲ್ಲ ಅಂತ ನೀವು ಬರೆಯೋಕೆ ಇನ್ನೊಬ್ಬ ತಪ್ಪು ಮಾಡಬೇಕಾಯ್ತಾ?” ಅಂದಳು ಆಕೆ. ದನಿ ಏರಲಿಲ್ಲ. “ಅಷ್ಟು ದಿನ ನಿಮ್ಮ ಕೈಗೆ ಏನಾಗಿತ್ತು?”

ಅವನು ಟೋಪಿ ಹಾಕಿಕೊಂಡು ತಿರುಗಿದಾಗ ಎದುರು ಮನೆಯ ಹೊಸ್ತಿಲಿನಲ್ಲಿ ಕೂಲಿಯ ಹೆಂಡತಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಅಂತ ಮುಖವೇ ಹೇಳುತ್ತಿತ್ತು.

“ಹಾಗಾದ್ರೆ ನನ್ನ ಗಂಡನ್ನ ಕೊಂದಿದ್ದು ಯಾರು?” ಎಂದು ಕೇಳಿದಳು.

“ಮಣ್ಣು ಹಸಿ ಇತ್ತು, ತಾಯಿ,” ಅಂದ ಇನ್ಸ್‌ಪೆಕ್ಟರ್. “ಹದವಾಗಿದೆ ಅಂತ ನಾವು ಬರ್ಕೊಂಡ್ವಿ.”

ಆಕೆ ಬೈಯುತ್ತಾಳೆ ಅಂದುಕೊಂಡ, ಬೈಯಲಿಲ್ಲ. ಅವನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಪಕ್ಕದಿಂದ ಹಾದು, ಓಣಿ ದಾಟಿ, ಅರ್ಧ ತೆರೆದ ಬಾಗಿಲ ಮುಂದೆ ಹೋಗಿ ನಿಂತಳು. ಮುದುಕಿ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಬಾಗಿಲಿನಿಂದ ಸ್ವಲ್ಪ ಸರಿದಳು, ಅಷ್ಟೇ. ಇಬ್ಬರೂ ಒಳಗೆ ಹೋದ ಮೇಲೆ ಚಿಲಕ ಹಾಕಿದ ಸದ್ದು ಕೇಳಿಸಿತು.